ಜಾಝ್ ತ್ರೀ ಪಿಕ್: ಆಲ್ಟರ್ನೇಟ್ ಪಿಕಿಂಗ್ ಅಭ್ಯಾಸಕ್ಕೆ ಎಷ್ಟು ಒಗ್ಗುತ್ತದೆ?

ಗಿಟಾರ್ ಅಂಗಡಿಯ ಗಾಜಿನ ಡಬ್ಬಿಯಲ್ಲಿ ತಂತಿ ಮೀಟಲು ಬಳಸುವ ಬಣ್ಣಬಣ್ಣದ ಪಿಕ್‌ಗಳ ನಡುವೆ ಗಿಡ್ಡಗಿರುವ, ಮೂತಿ ಚೂಪಾಗಿರುವ ಕೆಂಪು ಪಿಕ್ ಒಂದು ಕಂಡರೆ ಅದು ಬಹುಮಟ್ಟಿಗೆ ಡನ್‌ಲಪ್ ಕಂಪನಿಯ ಜಾಝ್ ತ್ರೀ. ಸ್ಪೀಡ್ ಬೇಕು ಅಂದವರಿಗೆಲ್ಲ ಇದನ್ನೇ ಹೇಳುವುದು ರೂಢಿ. ಹೇಳುವವರ ಮಾತಿನಲ್ಲಿ ಅರ್ಧ ನಿಜವಿದೆ. ಈ ಪಿಕ್ ವೇಗ ಕೊಡುವುದಿಲ್ಲ, ಕೈ ಎಲ್ಲಿ ಎಡವುತ್ತಿದೆ ಅನ್ನುವುದನ್ನು ಬೇಗ ತೋರಿಸಿಕೊಡುತ್ತದೆ. ಅಭ್ಯಾಸದ ಸಾಮಾನು ಅಂತ ನೋಡಿದರೆ ಅದೇ ಇದರ ದೊಡ್ಡ ಗುಣ, ಮತ್ತು ಹೊಸಬರು ಇದನ್ನು ಎರಡೇ ದಿನಕ್ಕೆ ಬೈದು ಎಸೆಯುವುದಕ್ಕೂ ಅದೇ ಕಾರಣ.

ಹೆಸರಿನಲ್ಲಿರುವ ಮೂರನ್ನು ದಪ್ಪ ಅಂತಲೋ ಮೂರನೇ ಆವೃತ್ತಿ ಅಂತಲೋ ತಿಳಿಯುವವರಿದ್ದಾರೆ. ಅದು ಮೂತಿಯ ಲೆಕ್ಕ. ಜಾಝ್ ಒನ್‌ನ ಮೂತಿ ದುಂಡಗೆ, ಟೂ ನಡುವಿನದು, ತ್ರೀ ಚೂಪು. ದಪ್ಪ 1.38 ಮಿ.ಮೀ. ಸಾಮಾನ್ಯವಾಗಿ ಎಲ್ಲರ ಕೈಯಲ್ಲಿರುವ ತ್ರಿಕೋನದಂಥ ಪಿಕ್, ಅಂದರೆ 351 ಆಕಾರದ್ದು, ಸುಮಾರು 30 ಮಿ.ಮೀ. ಉದ್ದ, 26 ಮಿ.ಮೀ. ಅಗಲ ಇರುತ್ತದೆ. ಜಾಝ್ ತ್ರೀ ಉದ್ದ ಅಗಲ ಎರಡರಲ್ಲೂ ನಾಲ್ಕೈದು ಮಿಲಿಮೀಟರ್ ಚಿಕ್ಕದು. ಕೆಂಪನೆಯದು ನೈಲಾನ್, ತುಸು ಮೆದು ದನಿ. ಕಪ್ಪನೆಯದು ಇನ್ನಷ್ಟು ಗಡಸು, ದನಿ ಹರಿತ. ನೈಲಾನ್ ಪಿಕ್‌ನ ಮೈಮೇಲೆ ಹೆಸರನ್ನು ಉಬ್ಬಚ್ಚಿನಲ್ಲಿ ಒತ್ತಿರುತ್ತಾರೆ. ನೋಡಲು ಅಲಂಕಾರ, ಆದರೆ ಹೆಬ್ಬೆರಳಿಗೆ ಹಿಡಿತ ಸಿಗುವುದು ಆ ಅಕ್ಷರಗಳಿಂದಲೇ.

ಆಲ್ಟರ್ನೇಟ್ ಪಿಕಿಂಗ್ ಅಂದರೆ ಕೆಳಕ್ಕೊಂದು (ಡೌನ್) ಮೇಲಕ್ಕೊಂದು (ಅಪ್), ತಂತಿ ಬದಲಾದರೂ ಸರದಿ ತಪ್ಪದ ಹಾಗೆ ಮೀಟುವುದು. ಸಿತಾರಿನವರ ದಾ-ರ-ದಾ-ರ ಇದ್ದ ಹಾಗೆ. ಧಾರವಾಡದ ಕಡೆ ಸಿತಾರ್ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಸಿತಾರಿನಲ್ಲಿ ಹೆಚ್ಚಿನ ಕೆಲಸ ಬಾಜ್ ಅನ್ನುವ ಒಂದೇ ಮುಖ್ಯ ತಂತಿಯ ಮೇಲೆ ನಡೆಯುತ್ತದೆ, ಗಿಟಾರಿನಲ್ಲಿ ಆರು ತಂತಿಗಳನ್ನು ಹತ್ತಿ ಇಳಿಯಬೇಕು. ಒಂದು ತಂತಿಯ ಮೇಲೆ ಯಾರು ಬೇಕಾದರೂ ಒಂದು ತಿಂಗಳಲ್ಲಿ ವೇಗ ತರಬಹುದು. ಕಷ್ಟವೆಲ್ಲ ದಾಟುವುದರಲ್ಲಿ. ಪಿಕ್ ಆರಿಸುವಾಗಲೂ ಕೇಳಬೇಕಾದ ಪ್ರಶ್ನೆ ಇದೊಂದೇ: ತಂತಿ ದಾಟುವಾಗ ಇದು ನೆರವಾಗುತ್ತದೋ, ಅಡ್ಡ ಬರುತ್ತದೋ?

ತೆಳು ಪಿಕ್ ಅಡ್ಡ ಬರುತ್ತದೆ. 0.50, 0.60 ಮಿ.ಮೀ. ಪಿಕ್ ತಂತಿಗೆ ತಾಗಿದಾಗ ಮೊದಲು ತಾನು ಬಾಗುತ್ತದೆ, ಆಮೇಲೆ ತಂತಿಯನ್ನು ಬಿಡುತ್ತದೆ. ಕೈ ಆಗಲೇ ಮೇಲಕ್ಕೆ ಹೊರಳಿರುತ್ತದೆ, ಮೂತಿ ಇನ್ನೂ ನೆಟ್ಟಗಾಗಿರುವುದಿಲ್ಲ. 120 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 120 ಬೀಟಿನ ವೇಗದಲ್ಲಿ, ಬೀಟಿಗೆ ನಾಲ್ಕು ಸ್ವರ ಅಂದರೆ ಸೆಕೆಂಡಿಗೆ ಎಂಟು ಸ್ವರ. ಆ ವೇಗದಲ್ಲಿ ಈ ಚೂರು ತಡ ಸಾಕು, ಸ್ವರಗಳ ಅಂಚು ಕಲಸಿಹೋಗುತ್ತದೆ. ಕಾರ್ಡ್ (ಹಲವು ಸ್ವರ ಒಟ್ಟಿಗೆ) ಬಾರಿಸಲು ತೆಳು ಪಿಕ್ ಚೆಂದವೇ, ಅಲ್ಲಿ ಬಾಗುವುದೇ ಅದರ ಗುಣ. ಬಿಡಿ ಸ್ವರಗಳಿಗೆ 1 ಮಿ.ಮೀ.ಗಿಂತ ಮೇಲಿನದು ಬೇಕು. ನಮ್ಮ ಸರೋದ್ ವಾದಕರು ಮೀಟುವ ಪಿಕ್, ಅಂದರೆ ಜವಾ, ತೆಂಗಿನ ಚಿಪ್ಪಿನಿಂದ ಮಾಡಿದ್ದು. ಅದು ಬಾಗುವ ಮಾತೇ ಇಲ್ಲ.

ಜಾಝ್ ತ್ರೀ ಬಾಗುವುದಿಲ್ಲ, ಅದು ಸರಿ. ಆದರೆ ಇದರ ಉಪಯೋಗ ಪೂರ್ತಿ ಸಿಗುವುದು ಹಿಡಿಯುವ ರೀತಿ ಸರಿಯಿದ್ದಾಗ. ತೋರುಬೆರಳನ್ನು ಮಡಿಸಿ, ಅದರ ಕೊನೆಯ ಗೆಣ್ಣಿನ ಪಕ್ಕಕ್ಕೆ ಪಿಕ್ ಇಟ್ಟು, ಮೇಲಿಂದ ಹೆಬ್ಬೆರಳಿನ ತಿರುಳನ್ನು ಕೂರಿಸಿ. ಹೆಬ್ಬೆರಳಿನಾಚೆ ಕಾಣಬೇಕಾದದ್ದು 3ರಿಂದ 5 ಮಿ.ಮೀ. ಮೂತಿ, ಹೆಚ್ಚಲ್ಲ. ದೊಡ್ಡ ಪಿಕ್‌ನಲ್ಲಿ ಹತ್ತು ಮಿಲಿಮೀಟರ್ ಹೊರಗೆ ಬಿಟ್ಟರೂ ಹೇಗೋ ನಡೆದುಹೋಗುತ್ತದೆ, ಇದರಲ್ಲಿ ಹಾಗೆ ಮಾಡಿದರೆ ಹಿಡಿಯಲು ಪಿಕ್ಕೇ ಉಳಿಯುವುದಿಲ್ಲ. ಹಾಗಾಗಿ ಹೇಳದೆಯೇ ಮೂತಿ ಕಮ್ಮಿ ಬಿಡುವ ಅಭ್ಯಾಸ ಆಗುತ್ತದೆ. ಇದು ನಿಜವಾದ ಲಾಭ.

ಎರಡನೆಯದು ಓರೆ. ಪಿಕ್ ತಂತಿಗೆ ಚಪ್ಪಟೆಯಾಗಿ ಬಡಿಯದೆ, ಅದರ ಮುಂದಿನ ಅಂಚು ತುಸು ಮೊದಲು ತಾಗುವ ಹಾಗೆ 20ರಿಂದ 30 ಡಿಗ್ರಿ ತಿರುಗಿಸಿ. ತಂತಿಯ ತಡೆ ಅಲ್ಲೇ ಕಮ್ಮಿಯಾಗುತ್ತದೆ. ಜಾಝ್ ತ್ರೀಯ ಅಂಚು ಅಚ್ಚಿನಲ್ಲೇ ಇಳಿಜಾರಾಗಿ ಬಂದಿರುವುದರಿಂದ ಓರೆ ಹಿಡಿದಾಗ ಜಾರಿ ಹೋಗುತ್ತದೆ. ಅತಿಯಾಗಿ ತಿರುಗಿಸಿದರೆ ಲೋಹದ ಎಳೆ ಸುತ್ತಿದ ದಪ್ಪ ತಂತಿಗಳ (ಸುತ್ತು ತಂತಿ) ಮೇಲೆ, ಅಂದರೆ ಎಲೆಕ್ಟ್ರಿಕ್ ಗಿಟಾರಿನ ನಾಲ್ಕು, ಐದು, ಆರನೇ ತಂತಿಗಳಲ್ಲಿ, ಕರಕರ ಸದ್ದು ಬರುತ್ತದೆ. ಆ ಸದ್ದು ಸ್ವರಕ್ಕಿಂತ ಮುಂದೆ ಕೇಳುತ್ತಿದೆ ಅನ್ನಿಸಿದರೆ ಓರೆ ಜಾಸ್ತಿಯಾಯಿತು ಅಂತಲೇ ಅರ್ಥ.

ಇನ್ನು ದಾಟುವ ವಿಷಯ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಗಳು ಕೂರುವ ಬ್ರಿಡ್ಜ್ ಬಳಿ ಒಂದು ತಂತಿಗೂ ಇನ್ನೊಂದಕ್ಕೂ ಸುಮಾರು 10 ಮಿ.ಮೀ. ಜಾಗ. ಪಿಕ್ ಆ ಸಂದಿಯಲ್ಲಿ ಇಳಿದಿದ್ದರೆ ಪಕ್ಕದ ತಂತಿ ದಾಟಲು ಮೇಲೆದ್ದು ಬರಬೇಕು. ಕೈಯ ಚಲನೆ ತಂತಿಗಳ ಮಟ್ಟಕ್ಕೆ ಸಮಾನಾಂತರವಾಗಿದ್ದರೆ ಎರಡೂ ಹೊಡೆತದ ಕೊನೆಗೆ ಪಿಕ್ ಸಂದಿಯಲ್ಲೇ ಸಿಕ್ಕಿಬೀಳುತ್ತದೆ. ಚಲನೆ ಸ್ವಲ್ಪ ಓರೆಯಾಗಿದ್ದರೆ ಒಂದು ಹೊಡೆತದ ಕೊನೆಗೆ ತಾನಾಗಿ ಗಾಳಿಗೆ ಬರುತ್ತದೆ. ಕೆಲವರ ಕೈಯಲ್ಲಿ ಅಪ್‌ಸ್ಟ್ರೋಕ್ ಹೊರಗೆ ಬರುತ್ತದೆ, ಕೆಲವರಲ್ಲಿ ಡೌನ್‌ಸ್ಟ್ರೋಕ್. ಅಮೆರಿಕದ ಟ್ರಾಯ್ ಗ್ರೇಡಿ ಹೆಸರಾಂತ ವಾದಕರ ಕೈಗಳನ್ನು ಹತ್ತಿರದಿಂದ ಚಿತ್ರೀಕರಿಸಿ ಇದನ್ನು ಬಿಡಿಸಿ ತೋರಿಸಿದ ಮೇಲೆ ಪಿಕ್ ಸ್ಲಾಂಟಿಂಗ್ (ಪಿಕ್ ಓರೆ ಮಾಡುವುದು), ಎಸ್ಕೇಪ್ (ಸಂದಿಯಿಂದ ಹೊರಬರುವುದು) ಅನ್ನುವ ಮಾತುಗಳು ಗಿಟಾರಿನವರ ಬಾಯಲ್ಲಿ ಬಳಕೆಗೆ ಬಂದವು. ಅದಕ್ಕೂ ಮೊದಲು ಎಲ್ಲ ಮೇಷ್ಟ್ರುಗಳ ಉತ್ತರ ಒಂದೇ ಇತ್ತು: ನಿಧಾನ ಮಾಡು, ತಾಳ ಹಿಡಿಯುವ ಮೆಟ್ರೊನೋಮ್ ಹಾಕು.

ನಿಮ್ಮ ಕೈ ಯಾವ ಜಾತಿಯದು ಅಂತ ತಿಳಿಯಲು ಮೂರನೇ ತಂತಿಯ ಮೇಲೆ ಒಂದೇ ಸ್ವರವನ್ನು ಎಷ್ಟು ಬೇಗ ಸಲೀಸಾಗಿ ಮೀಟಬಹುದೋ ಅಷ್ಟು ಬೇಗ ನಾಲ್ಕು ಸೆಕೆಂಡ್ ಮೀಟಿ. ಫೋನನ್ನು ಗಿಟಾರಿನ ಕತ್ತಿನ ಕಡೆಯಿಂದ ತಂತಿಗಳ ಉದ್ದಕ್ಕೆ ನೋಡುವ ಹಾಗೆ ಇಟ್ಟು ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ಸೆಕೆಂಡಿಗೆ 30 ಫ್ರೇಮ್‌ನ ಮಾಮೂಲಿ ವಿಡಿಯೊ ಸಾಲದು. ಎಂಟು ಸ್ವರದ ವೇಗದಲ್ಲಿ ಒಂದು ಹೊಡೆತಕ್ಕೆ ನಾಲ್ಕು ಫ್ರೇಮ್ ಕೂಡ ಸಿಗುವುದಿಲ್ಲ. 240ರಲ್ಲಿ ಮೂವತ್ತು ಸಿಗುತ್ತವೆ. ಎರಡನೇ, ನಾಲ್ಕನೇ ತಂತಿಗಳ ಮಟ್ಟಕ್ಕಿಂತ ಮೇಲೆ ಪಿಕ್ ಎದ್ದುಬರುವುದು ಯಾವ ಹೊಡೆತದ ಕೊನೆಗೆ ಅಂತ ನೋಡಿ. ಅಪ್‌ನಲ್ಲಿ ಎದ್ದರೆ, ಅಪ್ ಹೊಡೆದ ಮೇಲೆ ತಂತಿ ಬದಲಿಸುವ ಸಾಲುಗಳು ನಿಮಗೆ ಸುಲಭ. ತಂತಿಗೆ ಎರಡೆರಡು ಸ್ವರದ ಪೆಂಟಾಟೋನಿಕ್ (ಐದು ಸ್ವರದ) ಸ್ಕೇಲನ್ನು ಡೌನ್‌ನಿಂದ ಶುರು ಮಾಡಿದರೆ ಹತ್ತುವಾಗಲೂ ಇಳಿಯುವಾಗಲೂ ಪ್ರತಿ ದಾಟು ಅಪ್ ಆದ ಮೇಲೇ ಬರುತ್ತದೆ. ಡೌನ್‌ನಲ್ಲಿ ಏಳುವ ಕೈಯವರು ಅದನ್ನೇ ಅಪ್‌ನಿಂದ ಶುರು ಮಾಡಿ ನೋಡಲಿ. ವರ್ಷಗಟ್ಟಲೆ ಆಗದಿದ್ದ ಸಾಲು ಸಡಿಲವಾದರೆ ಆಶ್ಚರ್ಯವಿಲ್ಲ. ಸ್ವೀಡನ್ನಿನ ಗಿಟಾರ್ ವಾದಕ ಇಂಗ್ವೇ ಮಾಲ್ಮ್‌ಸ್ಟೀನ್‌ರಂಥ ಮಿಂಚಿನ ಕೈ ಕೂಡ ತಂತಿಗೆ ಸಮಸಂಖ್ಯೆಯ ಸ್ವರ ಬರುವ ಹಾಗೆ ಸಾಲು ಜೋಡಿಸಿಕೊಂಡು, ಬೆಸ ಬಂದ ಕಡೆ ಎಡಗೈ ಬೆರಳಿನಿಂದ ತಂತಿ ಎಳೆದು ಬಿಡುವ ಪುಲ್‌ಆಫ್‌ನಿಂದಲೋ ಪಿಕ್ಕನ್ನು ಒಂದೇ ದಿಕ್ಕಿನಲ್ಲಿ ಪಕ್ಕದ ತಂತಿಗೂ ಎಳೆಯುವ ಸ್ವೀಪ್‌ನಿಂದಲೋ ಪಾರಾಗುತ್ತದೆ.

ಜಾಝ್ ತ್ರೀಯ ಪಾತ್ರ ಇಲ್ಲಿದೆ. ದುಂಡು ಮೂತಿಯ ಪಿಕ್, ಚಲನೆ ಹೇಗಿದ್ದರೂ ತಂತಿಯ ಮೇಲೆ ಉರುಳಿಕೊಂಡು ದಾಟಿಬಿಡುತ್ತದೆ, ತಪ್ಪು ಕಿವಿಗೆ ಬೀಳುವುದಿಲ್ಲ. ಚೂಪು ಮೂತಿ ಹಾಗೆ ಕ್ಷಮಿಸುವುದಿಲ್ಲ. ಆಳ ಒಂದು ಮಿಲಿಮೀಟರ್ ಜಾಸ್ತಿಯಾದರೆ ತಟ್ಟನೆ ಸಿಕ್ಕಿಕೊಂಡು ಕೈಯಲ್ಲೇ ತಿರುಗುತ್ತದೆ. ‘ಈ ಪಿಕ್ ಸಿಕ್ಕಿಹಾಕಿಕೊಳ್ಳುತ್ತೆ’ ಅನ್ನುವ ದೂರು ಬಹಳ ಕೇಳಿಬರುತ್ತದೆ. ದೂರು ನಿಜ, ಆದರೆ ಸಿಕ್ಕಿಕೊಳ್ಳುವ ಜಾಗವನ್ನು ಗುರುತು ಹಾಕಿಕೊಳ್ಳಿ. ಆರರಿಂದ ಒಂದನೇ ತಂತಿಯವರೆಗೆ ಸ್ಕೇಲ್ ನುಡಿಸುವಾಗ ಪ್ರತಿ ಸಲ ಅದೇ ಎರಡು ಜಾಗದಲ್ಲಿ ಸಿಕ್ಕಿಕೊಂಡರೆ ತಪ್ಪು ಪಿಕ್‌ನದಲ್ಲ, ನಿಮ್ಮ ಚಲನೆ ಏಳದ ಕಡೆ ದಾಟುತ್ತಿದ್ದೀರಿ.

ಅದನ್ನು ಪರೀಕ್ಷಿಸಲು ಜಿ ಮೇಜರ್‌ನ ತಂತಿಗೆ ಮೂರು ಸ್ವರದ ಸ್ಕೇಲ್ ಸಾಕು. ಆರು ಮತ್ತು ಐದನೇ ತಂತಿಯಲ್ಲಿ 3-5-7 ಫ್ರೆಟ್ (ಕತ್ತಿನ ಮೇಲಿನ ಮೆಟ್ಟಿಲು), ನಾಲ್ಕು ಮತ್ತು ಮೂರರಲ್ಲಿ 4-5-7, ಎರಡು ಮತ್ತು ಒಂದರಲ್ಲಿ 5-7-8. ಒಟ್ಟು ಹದಿನೆಂಟು ಸ್ವರ. ಡೌನ್‌ನಿಂದ ಶುರು ಮಾಡಿದರೆ ಆರನೇ ತಂತಿ ಡೌನ್-ಅಪ್-ಡೌನ್, ಐದನೆಯದು ಅಪ್-ಡೌನ್-ಅಪ್, ಹೀಗೆ ಒಂದು ಬಿಟ್ಟು ಒಂದು. ಅಂದರೆ ಆರರಿಂದ ಐದಕ್ಕೆ, ನಾಲ್ಕರಿಂದ ಮೂರಕ್ಕೆ, ಎರಡರಿಂದ ಒಂದಕ್ಕೆ ಪಿಕ್ ಎರಡು ತಂತಿಗಳನ್ನು ಹೊರಗಿನಿಂದ ಬಳಸಿ ಹೋಗುತ್ತದೆ, ಉಳಿದ ಎರಡು ದಾಟುಗಳು ಒಳಗಿನಿಂದ. ಒಂದೇ ಸ್ಕೇಲಿನಲ್ಲಿ ಎರಡೂ ಬಗೆ ಇದೆ. ಹಾಗಾಗಿಯೇ ‘ಒಂದು ಕಡೆ ಬರುತ್ತೆ, ಇನ್ನೊಂದು ಕಡೆ ಬರಲ್ಲ’ ಅನ್ನುವುದು.

ಬರದ ಕಡೆಯನ್ನು ಕತ್ತರಿಸಿ ತೆಗೆದು ಸುತ್ತು ಹಾಕಬೇಕು. ಎರಡನೇ ತಂತಿಯಲ್ಲಿ 5-7-8, ಒಂದನೇ ತಂತಿಯಲ್ಲಿ 5, ಮತ್ತೆ ಎರಡನೆಯದರಲ್ಲಿ 8-7. ಆರು ಸ್ವರ, ತಿರುಗಿ ಮೊದಲಿಗೆ. ಡೌನ್‌ನಿಂದ ಶುರು ಮಾಡಿದರೆ ಒಂದನೇ ತಂತಿಯ ಆ ಒಂಟಿ ಸ್ವರಕ್ಕೆ ಯಾವಾಗಲೂ ಅಪ್ ಬೀಳುತ್ತದೆ, ಎರಡೂ ದಾಟುಗಳು ಹೊರಗಿನವು. ಅಪ್‌ನಿಂದ ಶುರು ಮಾಡಿ, ಅದೇ ಸ್ವರಗಳು, ಎರಡೂ ದಾಟುಗಳು ಒಳಗಿನವಾಗುತ್ತವೆ. ಎರಡರಲ್ಲಿ ಯಾವುದು ಹದಗೆಡುತ್ತದೆ ಅಂತ ಹತ್ತು ಸುತ್ತಿನಲ್ಲಿ ಗೊತ್ತಾಗುತ್ತದೆ. ಬೀಟಿಗೆ ಆರು ಸ್ವರ ಅಂತ ಲೆಕ್ಕ ಇಟ್ಟರೆ 80 ಬಿಪಿಎಂ ಅಂದರೂ ಸೆಕೆಂಡಿಗೆ ಎಂಟೇ ಸ್ವರ, ಮೇಲೆ ಹೇಳಿದ 120ರ ನಾಲ್ಕರ ಲೆಕ್ಕದ್ದೇ ವೇಗ. ಮೆಟ್ರೊನೋಮ್‌ನ ಅಂಕಿ ಮಾತ್ರ ಹೇಳಿಕೊಂಡು ಹೆಮ್ಮೆಪಡುವವರಿಗೆ ಬೀಟಿಗೆ ಎಷ್ಟು ಅಂತ ಕೇಳಿ ನೋಡಬೇಕು.

ತಾಳದ ವಿಷಯದಲ್ಲಿ ನಮ್ಮವರಿಗೆ ಒಂದು ಅನುಕೂಲವಿದೆ. ಬಾಯಲ್ಲಿ ತಕಿಟ ಹೇಳುತ್ತ ಮೇಲಿನ ಸ್ಕೇಲ್ ನುಡಿಸಿದರೆ ಪ್ರತಿ ‘ತ’ ಹೊಸ ತಂತಿಯ ಮೇಲೆ ಬೀಳುತ್ತದೆ, ಒಮ್ಮೆ ಡೌನ್, ಒಮ್ಮೆ ಅಪ್. ಅಪ್‌ನಲ್ಲಿ ಬೀಳುವ ‘ತ’ ಸಣ್ಣದಾಗಿ ಕೇಳಿದರೆ ಅಲ್ಲಿ ಒತ್ತು ಸಾಲದು. ಆಮೇಲೆ ಅದೇ ಹದಿನೆಂಟು ಸ್ವರಕ್ಕೆ ತಕಧಿಮಿ ಹೇಳಿ. ಈಗ ಒತ್ತು ಬೀಳುವುದು ಆರನೇ ತಂತಿಯ 3, ಐದರ 5, ನಾಲ್ಕರ 7, ಎರಡರ 5, ಒಂದರ 7ನೇ ಫ್ರೆಟ್‌ಗಳ ಮೇಲೆ, ಎಲ್ಲವೂ ಡೌನ್. ಬೆರಳುಗಳು ಮೂರರ ಗುಂಪಿನಲ್ಲಿ, ಬಾಯಿ ನಾಲ್ಕರ ಗುಂಪಿನಲ್ಲಿ ನಡೆಯುವಾಗ ಎರಡೂ ಕೈ ಒಂದನ್ನೊಂದು ಕಾಯುತ್ತಿವೆಯೋ ಇಲ್ಲವೋ ಬಯಲಾಗುತ್ತದೆ. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿದ ಹಾಗೆ ಮೆಟ್ರೊನೋಮನ್ನು 60ರಲ್ಲೇ ಇಟ್ಟು ಬೀಟಿಗೆ ಒಂದು, ಎರಡು, ನಾಲ್ಕು ಅಂತ ಏರಿಸುವುದೂ ಒಳ್ಳೆಯ ದಾರಿ, ಬೀಟು ಕದಲುವುದಿಲ್ಲ.

ಎರಡು ಕೈಗಳ ತಾಳ ತಪ್ಪಿದಾಗ ಬಹುತೇಕರು ಬಲಗೈಯನ್ನೇ ಬೈಯುತ್ತಾರೆ. ಮೊದಲು ಎಡಗೈಯಿಂದ ತಂತಿಗಳನ್ನು ಮೆತ್ತಗೆ ಮುಚ್ಚಿ ಬಲಗೈ ಮಾತ್ರ ಆ ಆರು ಸ್ವರದ ಸುತ್ತು ಹಾಕಲಿ. ಆಮೇಲೆ ಪಿಕ್ ಕೆಳಗಿಟ್ಟು ಎಡಗೈ ಮಾತ್ರ, ಬೆರಳಿನಿಂದ ತಂತಿಯನ್ನು ಬಡಿದು ದನಿ ತರುವ ಹ್ಯಾಮರ್‌ಆನ್‌ನಲ್ಲಿ ಅದೇ ಸ್ವರ ನುಡಿಸಲಿ. ಹಿಂದೆ ಬಿದ್ದದ್ದು ಯಾವುದು ಅಂತ ಕಿವಿಯೇ ಹೇಳುತ್ತದೆ. ಎಡಗೈಯ ಕಿರುಬೆರಳು ತಡವಾಗಿ ಇಳಿಯುವುದು ಎಲ್ಲರಲ್ಲೂ ಕಾಣುವ ರೋಗ.

ನಿಧಾನ ಅಭ್ಯಾಸದ ಬಗ್ಗೆ ಒಂದು ಎಚ್ಚರಿಕೆ. 60ರಲ್ಲಿ ನುಡಿಸುವಾಗ ಪ್ರತಿ ಹೊಡೆತಕ್ಕೂ ಪಿಕ್ಕನ್ನು ಎತ್ತಿ ಎತ್ತಿ ಇಡುವ ಕುಪ್ಪಳಿಸುವ ಚಲನೆಯೂ ನಡೆಯುತ್ತದೆ, ಸ್ವರ ಚೊಕ್ಕಟವಾಗಿಯೇ ಕೇಳುತ್ತದೆ. ಅದೇ ಚಲನೆಯನ್ನು ಐದೈದು ಬಿಪಿಎಂ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಮುಂದೋಳು ಕಲ್ಲಾಗಿ ನಿಲ್ಲುತ್ತದೆ, ಅಲ್ಲಿಂದ ಮುಂದಕ್ಕೆ ಎಷ್ಟು ತಿಂಗಳು ಕೂತರೂ ಏರುವುದಿಲ್ಲ. ಮೊದಲು ಒಂದು ತಂತಿಯ ಮೇಲೆ ವೇಗದಲ್ಲಿ ಸಡಿಲವಾಗಿ ಬರುವ ಚಲನೆಯನ್ನು ಹಿಡಿದು, ಆ ಚಲನೆಯನ್ನೇ ನಿಧಾನಕ್ಕೆ ಇಳಿಸಿಕೊಳ್ಳುವುದು ವಾಸಿ. ಮೊಣಕೈ ಬಿಗಿದು ಭುಜ ಮೇಲೆದ್ದರೆ ಅಲ್ಲಿಗೆ ನಿಲ್ಲಿಸಿ. ಮಣಿಕಟ್ಟಿನಲ್ಲಿ ನೋವು ಬಂದರೆ ಆ ದಿನದ ಅಭ್ಯಾಸ ಮುಗಿಯಿತು. ಇಪ್ಪತ್ತು ನಿಮಿಷ ಇದಕ್ಕೆ ಧಾರಾಳ.

ಇನ್ನು ಪಿಕ್‌ನ ಕೊರತೆಗಳು. ಮೊದಲನೆಯದು ಜಾರುವಿಕೆ. ನೈಲಾನ್ ನುಣುಪು, ಜೊತೆಗೆ ತೇವ ಹೀರುತ್ತದೆ. ಮಂಗಳೂರು, ಉಡುಪಿಯ ಬೇಸಿಗೆ ಸೆಖೆಯಲ್ಲಿ ಬೆವರಿದ ಬೆರಳಿಗೆ ಇಷ್ಟು ಚಿಕ್ಕ ಪಿಕ್ ಒಂದು ಹಾಡಿನ ನಡುವೆಯೇ ತಿರುಗಿಬಿಡುತ್ತದೆ. ಗಟ್ಟಿಯಾಗಿ ಒತ್ತಿ ಹಿಡಿಯುವುದು ಉಪಾಯವಲ್ಲ, ಒತ್ತಿದಷ್ಟೂ ಮಣಿಕಟ್ಟು ಬಿಗಿಯುತ್ತದೆ. ಸೂಜಿಯ ತುದಿಯಿಂದ ಹಿಡಿಯುವ ಜಾಗದಲ್ಲಿ ಅಡ್ಡ ಉದ್ದ ಗೀರು ಎಳೆಯಿರಿ, ಇಲ್ಲವೇ ಹಿಡಿಯುವ ಭಾಗ ಒರಟಾಗಿರುವ ಮ್ಯಾಕ್ಸ್ ಗ್ರಿಪ್ ಮಾದರಿ ಕೊಳ್ಳಿ. ಆ ಮಾದರಿಯ ಹಲ್ಲುಗಳು ಮೊದಲ ವಾರ ಹೆಬ್ಬೆರಳನ್ನು ಕೆರೆಯುತ್ತವೆ, ಆದರೆ ಪಿಕ್ ಕದಲುವುದಿಲ್ಲ.

ಎರಡನೆಯದು ಸವೆತ. ಓರೆಯಾಗಿ ಮೀಟುವವರಲ್ಲಿ ಮೂತಿಯ ಒಂದೇ ಭುಜ ಸವೆಯುತ್ತದೆ. ಸುತ್ತು ತಂತಿ ನೈಲಾನಿಗೆ ಅರದ ಹಾಗೆ. ಮೂತಿಯ ಅಂಚಿನಲ್ಲಿ ಎಳೆ ಎದ್ದಿದ್ದರೆ ಮೀಟಿದಾಗ ಸರ್ ಅನ್ನುವ ಸದ್ದು ಸೇರಿಕೊಳ್ಳುತ್ತದೆ. 1000 ನಂಬರಿನ ಎಮರಿ ಕಾಗದದಲ್ಲಿ ಅಂಚನ್ನು ನಾಲ್ಕು ಸಲ ಎಳೆದು, ಆಮೇಲೆ 2000ದಲ್ಲಿ ನುಣುಪು ಮಾಡಿ, ಜೀನ್ಸ್ ಬಟ್ಟೆಗೆ ಉಜ್ಜಿದರೆ ಮತ್ತೆ ಕೆಲವು ವಾರ ಬಾಳುತ್ತದೆ. 351ರ ಪಿಕ್ಕಾದರೆ ಮೂತಿ ಸವೆದಾಗ ಭುಜದಿಂದ ಮೀಟಬಹುದು, ಜಾಝ್ ತ್ರೀಗೆ ಇರುವುದು ಒಂದೇ ಮೂತಿ. ಹೊಸದರ ಪಕ್ಕ ಇಟ್ಟು ನೋಡಿ ತುದಿ ಚಪ್ಪಟೆಯಾಗಿದ್ದರೆ ಬಿಡುವುದೇ ಸರಿ. ಆರರ ಪೊಟ್ಟಣವಾಗಿ ಬರುತ್ತದೆ, ಬಿಡಿಯಾಗಿಯೂ ಸಿಗುತ್ತದೆ. ಬಿಡಿ ಕೊಳ್ಳುವಾಗ ಉಗುರಿನಿಂದ ಅಂಚನ್ನು ಸವರಿ, ಅಚ್ಚಿನ ಏಣು ಉಳಿದಿರುವುದನ್ನು ಪಕ್ಕಕ್ಕಿಡಿ.

ತಳಿಗಳು ಹಲವಿವೆ. ಎಕ್ಸ್‌ಎಲ್‌ನ ಮೂತಿ ಇದೇ, ಮೈ ಮಾತ್ರ ದೊಡ್ಡದು. ದೊಡ್ಡ ಪಿಕ್‌ನಿಂದ ಬರುವವರಿಗೆ, ದಪ್ಪ ಬೆರಳಿನವರಿಗೆ ಇದರಿಂದಲೇ ಶುರು ಮಾಡಿ ಅಂತ ಕಣ್ಣುಮುಚ್ಚಿ ಹೇಳಬಹುದು. ಮೂಲ ಗಾತ್ರದಲ್ಲಿ ಹಲವರ ತೋರುಬೆರಳಿನ ಉಗುರು ತಂತಿಗೆ ತಾಗುತ್ತದೆ. ಅಲ್ಟೆಕ್ಸ್‌ನಲ್ಲಿ (ಒಂದು ಬಗೆಯ ಗಡಸು ಪ್ಲಾಸ್ಟಿಕ್) ಮಾಡಿದ್ದು ಸವೆಯುವುದು ನಿಧಾನ, ದನಿ ತೀಕ್ಷ್ಣ. ದನಿಯನ್ನು ಒಡಕಾಗಿಸುವ ಡಿಸ್ಟಾರ್ಷನ್ ಹಾಕಿಕೊಂಡು ನುಡಿಸುವವರಿಗೆ ಅದು ಸ್ವರ ಸ್ಪಷ್ಟವಾಗಿ ಬಿಡಿಸಿ ಕೊಡುತ್ತದೆ, ಕ್ಲೀನ್ ದನಿಯಲ್ಲಿ ಕಿವಿಗೆ ಚುಚ್ಚುತ್ತದೆ. ಗಿಟಾರ್ ವಾದಕ ಜಾನ್ ಪೆಟ್ರುಚಿ ಹೆಸರಿನಲ್ಲಿ ಬರುವುದು ಕೂಡ ಅಲ್ಟೆಕ್ಸ್, 1.5 ಮಿ.ಮೀ. ದಪ್ಪ.

ಅಕೂಸ್ಟಿಕ್ ಗಿಟಾರ್ ಒಂದೇ ಇರುವವರಿಗೆ ಇದು ಮೊದಲ ಪಿಕ್ ಆಗಬಾರದು. 12-53 ದಪ್ಪದ (ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ) ತಂತಿಗಳ ಮೇಲೆ ಕೆಂಪು ನೈಲಾನ್‌ನಿಂದ ಕಾರ್ಡ್ ಬಾರಿಸಿದರೆ ದನಿ ಮಂಕು, ಮೂತಿ ಚೂಪಾದ್ದರಿಂದ ಒಂದೊಂದೇ ತಂತಿಗೆ ತಡವರಿಸುತ್ತದೆ. ಅಂಥವರು ಅದೇ ಕಂಪನಿಯ ಟಾರ್ಟೆಕ್ಸ್ ತೆಗೆದುಕೊಳ್ಳಲಿ. ಕಡಲಾಮೆಯ ಚಿಪ್ಪಿನ ವ್ಯಾಪಾರಕ್ಕೆ 1970ರ ದಶಕದಲ್ಲಿ ಅಂತಾರಾಷ್ಟ್ರೀಯ ತಡೆ ಬಿದ್ದ ಮೇಲೆ ಅದಕ್ಕೆ ಬದಲಿಯಾಗಿ 1981ರಲ್ಲಿ ಬಂದ ಪಿಕ್ ಅದು. ಮೈಮೇಲೆ ಪುಡಿ ಸವರಿದ ಹಾಗಿದ್ದು ಬೆರಳಿಗೆ ಚೆನ್ನಾಗಿ ಕೂರುತ್ತದೆ. ಬಣ್ಣ ನೋಡಿ ದಪ್ಪ ಹೇಳಬಹುದು: ಹಳದಿ 0.73, ಹಸಿರು 0.88, ನೀಲಿ 1.0, ನೇರಳೆ 1.14 ಮಿ.ಮೀ. ಕಾರ್ಡ್ ಹೆಚ್ಚು, ಬಿಡಿ ಸ್ವರ ಕಮ್ಮಿ ಅನ್ನುವವರಿಗೆ ಹಸಿರು. ಆಲ್ಟರ್ನೇಟ್ ಪಿಕಿಂಗ್‌ಗೇ ದಿನಕ್ಕೆ ಇಪ್ಪತ್ತು ನಿಮಿಷ ಇಡುವವರು ನೀಲಿ ಹಿಡಿದು, ಮೇಲೆ ಹೇಳಿದ ಆರು ಸ್ವರದ ಸುತ್ತು ಎರಡೂ ದಿಕ್ಕಿನಿಂದ 80ರಲ್ಲಿ ಒಂದು ನಿಮಿಷ ಮುಗ್ಗರಿಸದೆ ಬಂದ ಮೇಲೆ ಜಾಝ್ ತ್ರೀ ಎಕ್ಸ್‌ಎಲ್ ಕೊಂಡರಾಯಿತು.